ದೊರೆ ಸುಮ್ಮನೆ ಕುಡಿದ ಔಷಧಿ

ಮನೆಯಿಂದ,
ಗುರುವಾರ, ಊಟದ ನಂತರ

ಪ್ರೀತಿಯ ಮಗಳೇ,

ಹೇಗಿದ್ದೀಯೇ? ಕಾಲಿನ ಊತ ಇಳಿಯಿತಾ? ಆ ಎಕ್ಸ್‌ರೇ ಕೋಣೆಯಲ್ಲಿ ಮಣಭಾರದ ಏಪ್ರನ್ ಹೊತ್ತುಕೊಂಡು ಬೆಳಗಿನಿಂದ ಸಂಜೆವರೆಗೂ ನಿಂತೇ ಇರುತ್ತೀಯ ಅಂತ ನೆನೆದರೆ ಇಲ್ಲಿ ನನ್ನ ಸೊಂಟ ಹಿಡಿದುಕೊಳ್ಳುತ್ತದೆ. ಮಲಗುವ ಮುಂಚೆ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಟ್ಟುಕೊಂಡು ಕೂರು. ಹೊತ್ತುಹೊತ್ತಿಗೆ ಊಟ ಮಾಡು. ಬಿಸ್ಕತ್ತು ತಿಂದು ನೀರು ಕುಡಿದರೆ ಅದು ಊಟ ಅಲ್ಲ, ನಿನಗೆ ಎಷ್ಟು ಸಲ ಹೇಳಿದರೂ ಅಷ್ಟೇ. ಇಲ್ಲಿ ನಾವೆಲ್ಲ ಆರಾಮ. ನನ್ನ ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ, ಅದೂ ನನ್ನ ಮಕ್ಕಳ ಹಾಗೇ. ಅಣ್ಣನಿಗೆ ಕೆಲಸ ವಿಪರೀತ, ಊರಿನ ಲಿಫ್ಟುಗಳೆಲ್ಲ ಮಾತಾಡಿಕೊಂಡು ಒಟ್ಟಿಗೇ ಕೆಡುತ್ತವೆ ಅಂತಾನೆ. ಅತ್ತಿಗೆ ಎಂದಿನ ಹಾಗೆ ಔಷಧಿ ಅಂಗಡಿಯ ಕೆಲಸಕ್ಕೆ ಹೋಗಿಬರುತ್ತಾಳೆ. ಅಮ್ಮ ಫೋನು ಬಿಟ್ಟು ಕಾಗದ ಯಾಕೆ ಹಿಡಿದಳು ಅಂತ ನಿನಗೆ ಅನ್ನಿಸಬಹುದು. ಫೋನಿನಲ್ಲಾದರೆ ಕೆಲವು ಮಾತು ಎತ್ತಿದ ಕೂಡಲೇ 'ಆಮೇಲೆ ಮಾಡ್ತೀನಮ್ಮಾ' ಅಂತ ಇಟ್ಟುಬಿಡುತ್ತೀಯ. ಇದನ್ನು ಹಾಗೆ ಮಾಡಬೇಡ. ಕೋಪ ಬಂದರೂ ಪೂರ್ತಿ ಓದು.

ಮೊದಲು ದೊರೆಯ ಸುದ್ದಿ ಹೇಳಿಬಿಡುತ್ತೇನೆ. ಅದೇ, ಅತ್ತಿಗೆ ತಂದಿದ್ದಾಳಲ್ಲ ನಾಯಿಮರಿ, ಫೋಟೊ ಕಳಿಸಿದ್ದಳಲ್ಲ, ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಬಂದ ದಿನವೇ ನನ್ನ ದಿಂಬು ಹತ್ತಿ ಮಲಗಿ, ಎಬ್ಬಿಸಿದರೆ ಆಕಳಿಸಿಕೊಂಡು ನಮ್ಮನ್ನೇ ಮೇಲಿಂದ ಕೆಳಗೆ ನೋಡಿದ ಗತ್ತಿಗೆ ಅಣ್ಣ ಆ ಹೆಸರಿಟ್ಟ. ಅವನಿಗೆ ಶಿಸ್ತು ಕಲಿಸುವುದರಲ್ಲಿ ಅತ್ತಿಗೆ ಏನೂ ಕಡಿಮೆ ಮಾಡಲಿಲ್ಲ. ಎದ್ದ ಕೂಡಲೇ, ತಿಂದ ಕೂಡಲೇ, ಆಡಿದ ಕೂಡಲೇ ಎತ್ತಿಕೊಂಡು ನಾಲ್ಕು ಮಹಡಿ ಇಳಿದು ಕಾಂಪೌಂಡಿನ ಹುಲ್ಲಿಗೆ ಬಿಡಬೇಕು. ಅಲ್ಲಿ ಮಾಡಿದರೆ 'ಜಾಣ, ನನ್ನ ಜಾಣ' ಅಂತ ತಲೆ ಸವರಬೇಕು. ಒಳಗೆ ಮಾಡಿದರೆ ಬೈಯಕೂಡದು, ಹೊಡೆಯಕೂಡದು, ಸುಮ್ಮನೆ ಒರೆಸಬೇಕು. ಉಚ್ಚೆ ಹೊಯ್ದಿದ್ದಕ್ಕೆ ಅವನಿಗೆ ಸಿಕ್ಕಿದಷ್ಟು ಹೊಗಳಿಕೆ ನೀನು ಪರೀಕ್ಷೆಯಲ್ಲಿ ಮೊದಲು ಬಂದಾಗಲೂ ಈ ಮನೆಯಲ್ಲಿ ನಿನಗೆ ಸಿಕ್ಕಿರಲಿಲ್ಲ. ಅವನೂ ಬೇಗ ಕಲಿತ. ಅತ್ತಿಗೆಯ ಮುಖ ನೋಡಬೇಕಿತ್ತು ನೀನು. ಮಕ್ಕಳಿಲ್ಲ ಅಂತ ಅವಳು ಯಾವತ್ತೂ ಬಾಯಿಬಿಟ್ಟು ಅಂದವಳಲ್ಲ, ಆದರೆ ಮದುವೆಯಾಗಿ ಬಂದ ಮೇಲೆ ಅವಳು ಈ ಮನೆಯಲ್ಲಿ ಇಷ್ಟು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಕೇಳಿರಲೇ ಇಲ್ಲ.

ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ನನ್ನ ಪಾಳಿ. ಎಡವಟ್ಟಾಗಿದ್ದು ಅಲ್ಲೇ. ಸಂಜೆ ಅತ್ತಿಗೆ ಬಂದು ಬಾಗಿಲು ತೆಗೆದರೆ ಹೊಸ್ತಿಲ ಹತ್ತಿರದ ಚಾಪೆ ಒದ್ದೆ. ಒಂದೊಂದು ದಿನ ಒದ್ದೆಗಿಂತ ಹೆಚ್ಚಿನದೂ. ಬಾಗಿಲಿನ ಬುಡದಲ್ಲಿ ಪರಚಿದ ಗೀರು. ಅಣ್ಣನ ಬೂಟಿನ ನಾಲಿಗೆಯಂತೂ ಹೊರಟೇ ಹೋಯಿತು. 'ಇದ್ಯಾವಾಗ ಮಾಡಿದ ಅತ್ತೆ?' ಅಂತ ಅವಳು ಕೇಳಿದರೆ ನಾನು 'ಈಗಷ್ಟೇ ಒಂದು ಗಳಿಗೆ ಕಣ್ಣು ಮುಚ್ಚಿದ್ದೆ ಕಣೆ' ಅನ್ನುತ್ತಿದ್ದೆ. ಸುಳ್ಳು, ಮಗಳೇ. ನಾನು ಮನೆಯಲ್ಲೇ ಇರುತ್ತಿರಲಿಲ್ಲ, ಬಸ್ಸು ತಡವಾದ ದಿನ ಅವಳಿಗಿಂತ ಒಂದೆರಡು ನಿಮಿಷ ಮುಂಚೆಯಷ್ಟೇ ಒಳಗೆ ಬಂದಿರುತ್ತಿದ್ದೆ. ಆ ಮರಿ ಒಂಟಿಯಾಗಿದ್ದಾಗ ಮಾತ್ರ ಹೆದರಿಕೊಂಡು ಹಾಗೆ ಮಾಡುತ್ತಿತ್ತು, ಅದನ್ನು ಒಂಟಿ ಬಿಟ್ಟು ಬೀಗ ಹಾಕಿಕೊಂಡು ಹೋಗುತ್ತಿದ್ದವಳು ನಾನು. ಎಲ್ಲಿಗೆ ಅಂದರೆ, ಮಗುವಿನ ಶಾಲೆಗೆ. ನಿನ್ನ ಮಗುವಿನ ಶಾಲೆಗೆ. ಕಾಗದ ಮಡಿಸಬೇಡ, ಮುಂದೆ ಓದು.

ನೀವಿಬ್ಬರೂ ಬೇರೆಯಾಗಿ, ಅಳಿಯ ಮಗುವನ್ನು ಕೊಡುವುದಿಲ್ಲ ಅಂದ ದಿನ ಅಣ್ಣ ಅವನ ಕೊರಳಪಟ್ಟಿ ಹಿಡಿದು ಬಂದವನು, 'ಈ ಮನೆಯವರು ಯಾರೂ ಇನ್ನು ಆ ಕಡೆ ತಲೆ ಹಾಕಿಯೂ ಮಲಗಬಾರದು' ಅಂದ. ನೀನು ದೂರದ ಊರಿನಲ್ಲಿ ಕೆಲಸ ಹಿಡಿದು ಹೊರಡುವಾಗ, 'ಅವಳ ಸುದ್ದಿ ನನಗೆ ಹೇಳ್ಬೇಡಮ್ಮಾ, ನೋಡಿ ಮತ್ತೆ ಬಿಟ್ಟು ಬರೋದು ನನ್ನ ಕೈಲಿ ಆಗಲ್ಲ' ಅಂದೆ. ನಾನು ಇಬ್ಬರಿಗೂ ಹೂಂ ಅಂದೆ. ಅವನ ಮಾತನ್ನು ಆಗಲೇ ಮುರಿದಿದ್ದೇನೆ, ನಿನ್ನ ಮಾತನ್ನು ಈಗ ಮುರಿಯುತ್ತಿದ್ದೇನೆ. ಎರಡು ಬಸ್ಸು ಬದಲಾಯಿಸಿ ಹೋಗುತ್ತೇನೆ. ಶಾಲೆಯ ಹಿಂದುಗಡೆ ನೀರಿನ ನಲ್ಲಿಗಳಿವೆಯಲ್ಲ, ಅದರ ಪಕ್ಕದ ಕಬ್ಬಿಣದ ಬೇಲಿಯ ಹತ್ತಿರ ನಿಂತರೆ ಊಟದ ಬೆಲ್ಲಿಗೆ ಅವಳು ಓಡಿ ಬರುತ್ತಾಳೆ, ಒಂದು ಕಾಲುಚೀಲ ಯಾವತ್ತೂ ಜಾರಿರುತ್ತದೆ. ಮುಂದಿನ ಹಲ್ಲು ಬಿದ್ದು ಹೊಸದು ಬಂದಿದೆ, ಸೊಟ್ಟಗೆ, ಥೇಟ್ ನಿನ್ನದೇ. ಬೇಲಿಯ ಸಂದಿಯಿಂದ ಕೈ ತೂರಿಸಿ ನನ್ನ ಬಳೆ ತಿರುಗಿಸುತ್ತಾ ಪಟಪಟ ಮಾತಾಡುತ್ತಾಳೆ. ಗೇಟಿನವನು ಒಳ್ಳೆಯವನು, ಕಂಡೂ ಕಾಣದ ಹಾಗೆ ಆ ಕಡೆ ತಿರುಗುತ್ತಾನೆ. ಒಂದು ದಿನ ನಾನು ಏನೂ ಕೇಳದೆಯೇ ಅವಳೇ ತಗ್ಗಿದ ದನಿಯಲ್ಲಿ 'ಅಪ್ಪಂಗೆ ಹೇಳಿಲ್ಲ ಅಜ್ಜಿ' ಅಂದಳು. ಇಷ್ಟು ಸಣ್ಣ ಮಗುವಿಗೆ ಮುಚ್ಚಿಡುವುದನ್ನು ಕಲಿಸಿದವಳು ನಾನಾದೆ. ಇನ್ನೊಂದು ಪಾಪವನ್ನೂ ಹೇಳಿಬಿಡುತ್ತೇನೆ. ನೀನು ಹೆತ್ತವಳು ಅಲ್ಲಿ ಹಲ್ಲು ಕಚ್ಚಿಕೊಂಡು ಕೂತಿರುವಾಗ ನಾನು ಇಲ್ಲಿ ಅವಳನ್ನು ಕಣ್ತುಂಬ ನೋಡಿ, ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬರುತ್ತಿದ್ದೆ. ಸಂಜೆ ನಿನ್ನ ಫೋನು ಬಂದರೆ ಸಾಕು, ಯಾರದೋ ಪಾಲಿನದನ್ನು ಕದ್ದು ತಿಂದವಳಂತೆ ಆಗುತ್ತಿತ್ತು.

ಇತ್ತ ದೊರೆಯ ಕಥೆ ಕೇಳು. ಅತ್ತಿಗೆ ರಜೆ ಹಾಕಿ ಅವನನ್ನು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಹೋದವಳು ನಾನೇ. ಡಾಕ್ಟರಮ್ಮ ಮೊದಲು ಕೇಳಿದ್ದೇ 'ಒಂಟಿ ಬಿಟ್ಟಾಗ ಮಾತ್ರ ಮಾಡುತ್ತಾ?' ಅಂತ. ಅತ್ತಿಗೆ ಹೆಮ್ಮೆಯಿಂದ 'ಇಲ್ಲ ಡಾಕ್ಟ್ರೇ, ನಮ್ಮತ್ತೆ ಮನೇಲೇ ಇರ್ತಾರೆ, ಒಂದು ನಿಮಿಷ ಒಂಟಿ ಬಿಡಲ್ಲ' ಅಂದಳು. ಗೋಡೆಯ ಮೇಲೆ ಬೆಕ್ಕಿನ ಹಲ್ಲುಗಳ ಚಿತ್ರ ಇತ್ತು, ನಾನು ಅದನ್ನು ಓದುತ್ತಾ ನಿಂತೆ. ಬೆಕ್ಕಿಗೆ ಎಷ್ಟು ಹಲ್ಲು ಅಂತ ಈಗ ನನ್ನನ್ನು ಯಾರು ಬೇಕಾದರೂ ಕೇಳಬಹುದು. ಅಲ್ಲೇ ಬಾಯಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬಿಡಲಿಲ್ಲ. ಜನ ಇದ್ದಾಗಲೂ ಮಾಡುತ್ತದೆ ಅಂದರೆ ಸೋಂಕು ಇರಬಹುದು ಅಂತ ಆಕೆ ಔಷಧಿ ಬರೆದುಕೊಟ್ಟಳು. ಗುಲಾಬಿ ಬಣ್ಣದ್ದು, ನಾನು ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟು ನೋಡಿದೆ, ಕಹಿ ಅಂದರೆ ಕಹಿ. ಅದನ್ನು ಕುಡಿಸುವ ಕೆಲಸವೂ ನನ್ನದೇ. ಬಾಯಿಯ ಮೂಲೆಯಿಂದ ಪಿಚಕ್ ಅಂತ ಹಾಕಿದರೆ ನೊರೆ ಉಗುಳಿಕೊಂಡು, ತಲೆ ಕೊಡವಿ, ಆಮೇಲೆ ಅದೇ ನನ್ನ ಕೈ ನೆಕ್ಕುತ್ತಿದ್ದ. ಕಚ್ಚಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ತಮಾಷೆ ನೋಡು, ಅಷ್ಟರಲ್ಲಿ ಶಾಲೆಗೆ ರಜೆ ಬಂತು. ನಾನು ಮನೆಯಲ್ಲೇ ಉಳಿದೆ, ಚಾಪೆ ಒಣಗಿಯೇ ಇತ್ತು. ಅತ್ತಿಗೆ ಡಾಕ್ಟರಮ್ಮನಿಗೆ ಫೋನು ಮಾಡಿ ಥ್ಯಾಂಕ್ಸ್ ಹೇಳಿದ್ದೇ ಹೇಳಿದ್ದು. ಅಣ್ಣನೂ ಅಪರೂಪಕ್ಕೆ 'ಅಮ್ಮನ ಕೈಗುಣ' ಅಂದ. ನಾನು ಹುಳ್ಳಗೆ ನಕ್ಕೆ. ರಜೆ ಮುಗಿಯಿತು, ಚಾಪೆ ಮತ್ತೆ ಒದ್ದೆಯಾಯಿತು. ಎಲ್ಲರ ಲೆಕ್ಕದಲ್ಲಿ ರೋಗ ಮರುಕಳಿಸಿತು. ಔಷಧಿಯ ಇನ್ನೊಂದು ಬಾಟಲಿ ಬಂತು, ರಕ್ತಪರೀಕ್ಷೆ ಮಾಡಿಸಬೇಕು ಅಂತಾಯಿತು. ಪ್ರತಿದಿನ ಹೊರಡುವಾಗ ಇವತ್ತೊಂದು ದಿನ ಹೋಗಿಬಂದು ನಾಳೆಯಿಂದ ನಿಲ್ಲಿಸುತ್ತೇನೆ ಅಂದುಕೊಳ್ಳುತ್ತಿದ್ದೆ. ನಾನು ಚಪ್ಪಲಿ ಹಾಕಿಕೊಳ್ಳುವುದನ್ನು ಕಂಡರೆ ದೊರೆ ಕುಂಯ್‌ಗುಟ್ಟುತ್ತಾ ಬಾಗಿಲಿಗೆ ಅಡ್ಡ ಮಲಗುತ್ತಿದ್ದ, ಅವನನ್ನು ಕಾಲಲ್ಲಿ ಮೆತ್ತಗೆ ಸರಿಸಿ ಹೋಗುತ್ತಿದ್ದೆ. ನಲ್ಲಿಯ ಹತ್ತಿರ ಆ ಮಗು ಬಂದು ನಿಂತು, ಅಜ್ಜಿ ಇಲ್ಲ ಅಂತ ತಿರುಗಿ ಹೋಗುವುದನ್ನು ನೆನೆದರೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ.

ಕೊನೆಗೆ ಅಣ್ಣನಿಗೆ ತಾಳ್ಮೆ ತಪ್ಪಿತು. ಅವನು ಲಿಫ್ಟ್ ನೋಡಿಕೊಳ್ಳುವ ಒಂದು ಗೋದಾಮಿನಲ್ಲಿ ಕಾವಲಿಗೆ ನಾಯಿ ಬೇಕಿತ್ತಂತೆ. ಒಳಗೆ ಇರಲು ಬಾರದ್ದು ಹೊರಗೇ ಇರಲಿ ಅಂದ. ಹೋದ ಭಾನುವಾರ ಗೋದಾಮಿನವನು ಎತ್ತು ಕಟ್ಟುವಂಥ ಸರಪಳಿ ಹಿಡಿದುಕೊಂಡು ಬಂದು ಕೂತ. ಅತ್ತಿಗೆ ದೊರೆಯ ಚಿಕ್ಕ ಕಂಬಳಿ ಮಡಿಸಿ ಚೀಲಕ್ಕೆ ಹಾಕುತ್ತಾ ಆ ಮನುಷ್ಯನಿಗೆ 'ಇವನನ್ನ ಕತ್ತಲೇಲಿ ಒಬ್ಬನ್ನೇ ಕಟ್ಟಬೇಡಿ, ಹೆದರ್ತಾನೆ' ಅಂತ ಹೇಳಿಕೊಡುತ್ತಿದ್ದಳು. ದನಿ ಸರಿಯಾಗಿಯೇ ಇತ್ತು, ಕೈ ಮಾತ್ರ ಕಂಬಳಿಯನ್ನು ಬಿಚ್ಚಿ ಬಿಚ್ಚಿ ಮಡಿಸುತ್ತಿತ್ತು. ನನ್ನಿಂದ ನೋಡಲಾಗಲಿಲ್ಲ. 'ಅದಕ್ಕೆ ಯಾವ ರೋಗಾನೂ ಇಲ್ಲ, ಮನೇಲಿ ನಾನೇ ಇರಲ್ಲ' ಅಂದುಬಿಟ್ಟೆ. ಅಣ್ಣ 'ಮತ್ತೆಲ್ಲಿ ಹೋಗ್ತೀಯ?' ಅಂದ. ಹೇಳಿದೆ. ಸೂರು ಹಾರಿಹೋಗುತ್ತದೆ ಅಂತ ಕಣ್ಣು ಮುಚ್ಚಿಕೊಂಡೆ. ಅವನು ಗೋದಾಮಿನವನಿಗೆ ಕೈ ಮುಗಿದು ಕಳಿಸಿ, ಬಾಲ್ಕನಿಗೆ ಹೋಗಿ ನಮಗೆ ಬೆನ್ನು ಹಾಕಿ ನಿಂತ. ಅತ್ತಿಗೆ ಔಷಧಿ ಬಾಟಲಿ ತಂದು ಸಿಂಕಿಗೆ ಸುರಿದು, 'ಅವನೂ ಪಾಪ ಅತ್ತೆ, ನಾನೂ ಪಾಪ ಅಲ್ವಾ? ನಂಗೊಬ್ಬಳಿಗಾದ್ರೂ ಹೇಳಬಾರದಿತ್ತಾ?' ಅಂದಳು. ಸೊಸೆಯ ಎದುರು ಅಷ್ಟು ಚಿಕ್ಕವಳಾಗಿ ನಾನು ಯಾವತ್ತೂ ನಿಂತಿರಲಿಲ್ಲ.

ಸಂಜೆ ಅಣ್ಣ ಒಳಗೆ ಬಂದು ಕೈ ತೊಳೆಯುತ್ತಾ, ನನ್ನ ಕಡೆ ನೋಡದೆ, 'ಎತ್ತರ ಆಗಿದಾಳಾ?' ಅಂತ ಕೇಳಿದ. ನಾನು ಇಷ್ಟು ಅಂತ ಕೈ ತೋರಿಸಿದೆ. ಆ ಕೈಯನ್ನೇ ತುಂಬ ಹೊತ್ತು ನೋಡಿದ. ನಲ್ಲಿ ನಿಲ್ಲಿಸುವುದನ್ನೂ ಮರೆತಿದ್ದ. ಮಾರನೆಯ ಬೆಳಿಗ್ಗೆ ಬೂಟಿನ ಲೇಸು ಕಟ್ಟಿಕೊಳ್ಳುತ್ತಾ ನೆಲಕ್ಕೆ ಹೇಳುವವನ ಹಾಗೆ 'ಹೋಗೋದಾದ್ರೆ ಅದನ್ನೂ ಕರ್ಕೊಂಡು ಹೋಗು, ಒಂದೇ ಬಿಟ್ರೆ ಚಾಪೆ ಹಾಳು' ಅಂದ. ನಿಮ್ಮಣ್ಣನಿಗೆ ಸೋತೆ ಅನ್ನಲು ಬರುವುದಿಲ್ಲ, ಚಾಪೆಯ ಮೇಲೆ ಹಾಕಿ ಹೇಳಿದ. ಆವತ್ತಿನಿಂದ ದೊರೆಯೂ ಚೀಲದಲ್ಲಿ ಕೂತು ಬಸ್ಸಿನಲ್ಲಿ ಬರುತ್ತಾನೆ. ಮಗು ಬೇಲಿಯಿಂದ ಬೆರಳು ತೂರಿಸುತ್ತಾಳೆ, ಅವನು ಒಂದೊಂದಾಗಿ ನೆಕ್ಕುತ್ತಾನೆ, ಅವಳು ಬಿದ್ದು ಬಿದ್ದು ನಗುತ್ತಾಳೆ. ಡಾಕ್ಟರಮ್ಮನಿಗೂ ಹೋಗಿ ನಿಜ ಹೇಳಿ ಬಂದೆ. ಆಕೆ ಬೈಯಲಿಲ್ಲ. ಅವನನ್ನು ಒಂಟಿಯಾಗಿ ಬಿಡಲೇಬಾರದು ಅಂತಲ್ಲ, ಸ್ವಲ್ಪ ಹೊತ್ತು ಹೋಗಿ ಬನ್ನಿ, ಆಮೇಲೆ ಇನ್ನೂ ಸ್ವಲ್ಪ ಹೊತ್ತು, ಆದರೆ ಅವನು ಕಂಗೆಡುವ ಮುಂಚೆ ಬಂದೇ ಬರಬೇಕು ಅಂದಳು. ಈಗ ಮೂವರಿಗೂ ಅದೇ ಕೆಲಸ. ಅಣ್ಣ ಲಿಫ್ಟಿನಲ್ಲಿ ಒಂದು ಮಹಡಿ ಇಳಿಯುತ್ತಾನೆ, ಹತ್ತುತ್ತಾನೆ, ಮತ್ತೆ ಇಳಿಯುತ್ತಾನೆ. ಲಿಫ್ಟ್ ಕೆಟ್ಟಿದೆಯಾ ಅಂತ ಕೆಳಗಿನ ಮನೆಯವರು ಕೇಳಿಯೂ ಆಯಿತು. ನಿನ್ನೆ ಅತ್ತಿಗೆ ಮೂಲೆ ಅಂಗಡಿಗೆ ಹೋಗಿ ಬರುವಷ್ಟು ಹೊತ್ತು ಚಾಪೆ ಒಣಗಿತ್ತು. ಇವತ್ತು ಮತ್ತೆ ಒದ್ದೆ ಮಾಡಿದ. ನಾನೇ ಒಗೆದು ಹಾಕಿದೆ.

ಕಾಗದ ಉದ್ದವಾಯಿತು. ಅಣ್ಣ, ಅತ್ತಿಗೆ ನಿನ್ನನ್ನು ಕೇಳಿದ್ದಾರೆ. ಕಾಲಿನ ಬಗ್ಗೆ ಅಸಡ್ಡೆ ಮಾಡಬೇಡ, ನಿನ್ನ ಆಸ್ಪತ್ರೆಯಲ್ಲೇ ಯಾರಿಗಾದರೂ ತೋರಿಸು. ನನ್ನ ಮೇಲೆ ಎಷ್ಟು ಸಿಟ್ಟು ಬಂದರೂ ಆ ಸಿಟ್ಟಿನಲ್ಲಿ ಊಟ ಬಿಡಬೇಡ. ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ, ಮಗಳೇ.

ನಿನ್ನ
ಅಮ್ಮ

ಮತ್ತೆ: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಓಡಲಿಲ್ಲ. ಅಂಚೆಯವನು ಬರುವ ಹೊತ್ತಾಯಿತು. ಮಗು ದಿನಾ 'ಅಮ್ಮ ಯಾವಾಗ ಬರ್ತಾಳೆ' ಅಂತ ಕೇಳುತ್ತಾಳೆ, ದಿನಾ 'ಬರ್ತಾಳೆ' ಅಂತಿದ್ದೆ. ಮೊನ್ನೆ ಅವಳು ಕೇಳಲೇ ಇಲ್ಲ. ಕೇಳದೆ ಸುಮ್ಮನೆ ನನ್ನ ಬಳೆ ತಿರುಗಿಸುತ್ತಾ ನಿಂತಳು. ನನಗೆ ಜೀವ ಹೋದಂತಾಗಿ, ಮುಂದಿನ ವಾರದ ಶನಿವಾರ ಅಮ್ಮ ಬಂದೇ ಬರ್ತಾಳೆ ಅಂದುಬಿಟ್ಟೆ. ನಿನ್ನನ್ನು ಒಂದು ಮಾತು ಕೇಳದೆ. ಅವಳು ಬೆರಳೆಣಿಸಿಕೊಂಡು ಓಡಿದಳು, ಇಡೀ ಕ್ಲಾಸಿಗೆ ಹೇಳಿದ್ದಾಳೆ. ಶನಿವಾರ ಅರ್ಧ ದಿನ, ಬೆಲ್ಲು ಬೇಗ ಹೊಡೆಯುತ್ತದೆ. ಅಣ್ಣನಿಗೆ ಹೇಳಿದೆ, ರೈಲು ಯಾವುದು ಅಂತ ತಿಳಿಸಿದರೆ ತಾನೇ ಸ್ಟೇಷನ್ನಿಗೆ ಬರುತ್ತೇನೆ ಅಂದ. ಒಂದೇ ದಿನಕ್ಕಾದರೂ ಸರಿ, ಬಾ. ನನ್ನನ್ನು ಬೈಯುವುದಿದ್ದರೆ ಬಂದು ಬೈಯಿ.