ಬಾಗಿಲ ತನಕ ಗೊತ್ತು

ಸಿಂಧನೂರು
16-4-2025, ಬುಧವಾರ

ಚಿ. ಸೌ. ಉಮಾದೇವಿಗೆ ಕನಕರಾಯನ ಆಶೀರ್ವಾದಗಳು.

ಇತ್ತ ನಾನು ಕ್ಷೇಮ ಎಂದು ಶುರು ಮಾಡುವುದು ರೂಢಿ. ರೂಢಿಗೋಸ್ಕರ ಸುಳ್ಳು ಹೇಳುವುದನ್ನು ಭಾನುವಾರದಿಂದ ನಿಲ್ಲಿಸಿದ್ದೇನೆ, ಆದ್ದರಿಂದ ಆ ಸಾಲು ಬಿಟ್ಟೆ. ಅವತ್ತೇ ಬರೆಯಬೇಕಿತ್ತು, ತಡವಾಯಿತು. ತಪ್ಪು ನನ್ನೊಬ್ಬನದೇ ಅಲ್ಲ. ಮೂರು ದಿನ ಮುದಗಲ್ಲಿಗೆ, ನಿನ್ನ ತವರಿಗೆ, ಫೋನ್ ಮಾಡಿದೆ. ಮೂರು ದಿನವೂ ನಿನ್ನ ತಮ್ಮನೇ ಎತ್ತಿಕೊಂಡು "ಅಕ್ಕ ಜಳಕಕ್ಕ ಹೋಗ್ಯಾಳ್ರಿ ಮಾವ" ಎಂದ. ಮುಂಜಾನೆ ಜಳಕ, ಮಧ್ಯಾಹ್ನ ಜಳಕ, ಸಂಜೆಗೂ ಜಳಕ. ಈ ಬೇಸಿಗೆಯಲ್ಲಿ ಮುದಗಲ್ಲಿನ ನೀರನ್ನೆಲ್ಲ ನೀನೊಬ್ಬಳೇ ಖಾಲಿ ಮಾಡಿರಬೇಕು. ಅದಕ್ಕೇ ಈ ಕಾಗದ. ಕಾಗದದ ಮುಂದೆ ಜಳಕದ ನೆಪ ನಡೆಯುವುದಿಲ್ಲ, ನಡುವೆ ನೀನು ಬಾಯಿ ಹಾಕುವಂತೆಯೂ ಇಲ್ಲ.

ಯುಗಾದಿಯ ಮರುದಿನ ಬ್ಯಾಗು ಹಿಡಿದು ಹೊಸ್ತಿಲಲ್ಲಿ ನಿಂತು ನೀನು ಹೇಳಿದ್ದಿ: "ಮಸ್ಕಿಗೆ ಹೋಗ್ರಿ. ಆ ಮನೀ ಬಗ್ಗೆ ನನಗ ಗೊತ್ತಿಲ್ಲ ಅಂತ ನಾಲ್ಕು ಮಂದಿ ಮುಂದ ಹೇಳ್ರಿ. ಹೇಳಿದ ದಿನ ಬರ್ತೀನಿ." ಹೇಳಿ ಬಂದಿದ್ದೇನೆ. ಹೇಳಿದರೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಿಲ್ಲ. ಸಿಟ್ಟು ಕೊಪ್ಪರಿಗೆಯಲ್ಲಿ ಕುದಿಯುತ್ತಲೇ ಇದೆ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ. ನಾನು ಏನು ಮಾಡಿದೆ ಎಂಬುದನ್ನು ನನ್ನ ಅಕ್ಷರದಲ್ಲೇ ನಾನೊಮ್ಮೆ ಓದಬೇಕಾಗಿದೆ.

ಹೋದ ವರ್ಷ ಲಕ್ಷ್ಮಣ ಲಿಂಗಸುಗೂರಿನಿಂದ ನಮ್ಮ ಗೋದಾಮಿಗೆ ಬಂದ. ನಾನೂ ಅವನೂ ಒಂದು ಕಾಲಕ್ಕೆ ಕಾಲುವೆಯ ದಂಡೆಯಲ್ಲಿ ಕೂತು ಮಂದಿಯ ಮದುವೆಯ ಬಾಂಡೆ-ಪಾತ್ರೆ ತಿಕ್ಕಿದವರು. ಈಗ ಬಾಂಡೆ ಬಾಡಿಗೆಗೆ ಕೊಡುವವನು ನಾನು. ಅವನಿಗೆ ನನ್ನ ಮಾತೆಂದರೆ ಠಸ್ಸೆ ಒತ್ತಿದ ಕಾಗದ. "ಕನಕಾ, ಮಸ್ಕಿ ಅಂಬಪ್ಪನ ಮಗ ದುರುಗೇಶಗ ನಮ್ಮ ಮಗಳು ಮೌನೇಶ್ವರೀನ ಕೇಳ್ಯಾರ. ಮನಿ ಹೆಂಗೋ?" ಎಂದ. ನಾನು ಏನು ಮಾಡಿದೆ? ರಿಜಿಸ್ಟರ್ ತೆಗೆದೆ. ಬೇರೆ ಮನೆಗಳಿಂದ ಹಂಡೆ ತಗ್ಗು ಬಿದ್ದು ಬರುತ್ತದೆ, ಪರಾತಕ್ಕೆ ಅನ್ನ ಅಂಟಿಕೊಂಡು ಬರುತ್ತದೆ, ಚಮಚಗಳಂತೂ ಅತಿಥಿಗಳ ಜೇಬಿನಲ್ಲಿ ಊರು ಸೇರುತ್ತವೆ. "ಇಲ್ಲಿ ನೋಡಲೇ," ಎಂದೆ, "ಅಂಬಪ್ಪ ಮೂರು ಕಾರ್ಯಕ್ಕ ಸಾಮಾನು ಒಯ್ದಾನ. ಒಂದು ಚಮಚ ಕಮ್ಮಿ ಬಂದಿಲ್ಲ. ತಿಕ್ಕಿ, ಒರೆಸಿ, ಎಣಿಸಿ ಕಳಸ್ಯಾರ. ಕಣ್ಣು ಮುಚ್ಚಿ ಕೊಡು."

ನಮ್ಮ ಟೆಂಪೊ ಗೌಸ್‌ಸಾಬ್ ಅಲ್ಲೇ ಟಾರ್ಪಾಲು ಮಡಚುತ್ತಿದ್ದ. ಲಕ್ಷ್ಮಣ ಅವನನ್ನೂ ಕೇಳಿದ. ಅವನು ತಲೆ ಎತ್ತದೆ ಅಂದ: "ನನಗ ಬಾಗಿಲ ತನಕ ಗೊತ್ತುರಿ. ಸಾಮಾನು ಇಳಿಸಿ ಬರ್ತೀನಿ. ಒಳಗಿನ ಖಬರ್ ನನಗಿಲ್ಲ."

ನಾನು ನಕ್ಕೆ. "ಇಪ್ಪತ್ತು ವರ್ಷ ಟೆಂಪೊ ಹೊಡದು ಇಷ್ಟ ಕಲ್ತಿ ಏನೋ?"

"ಇಷ್ಟು ಕಲಿಯಾಕ ಇಪ್ಪತ್ತು ವರ್ಷ ಬೇಕಾತ್ರಿ ಸಾವ್ಕಾರ," ಎಂದ.

ಮದುವೆಯಾಯಿತು. ಈ ಸಂಕ್ರಾಂತಿಗೆ ತವರಿಗೆ ಬಂದ ಹುಡುಗಿ ಮತ್ತೆ ಹೋಗುವುದಿಲ್ಲ ಎಂದು ಕೂತಳು. ಕಳಿಸಬೇಕೋ ಬೇಡವೋ ತೀರ್ಮಾನಿಸಲು ಭಾನುವಾರ ಮುಂಜಾನೆ ಅಂಬಪ್ಪನ ಪಡಸಾಲೆಯಲ್ಲಿ ಹಿರಿಯರು ಕೂಡಿದರು. ಸಂಬಂಧ ನನ್ನ ಮಾತಿನ ಮೇಲೆ ಆದದ್ದು, ಹಾಗಾಗಿ ಕೊನೆಯ ಮಾತೂ ನನ್ನದೇ ಎಂದು ಮೊದಲೇ ಗೊತ್ತು ಮಾಡಿದ್ದರು. ನಾನು "ಮನಿ ಚಲೋ ಐತಿ" ಅಂದರೆ ಲಕ್ಷ್ಮಣ ಅಲ್ಲೇ ಮಗಳನ್ನು ಬಿಟ್ಟು ಬರುವವ. ಅವಳ ಬಟ್ಟೆಯ ಚೀಲವನ್ನೂ ತಂದಿದ್ದ, ಅಷ್ಟು ತಯಾರಿ.

ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಂದವು. ತಟ್ಟೆಗೆ ಎರಡೇ ಎರಡು ಮಿರ್ಚಿ. ಅಂಬಪ್ಪನ ಹೆಂಡತಿ ಒಳಬಾಗಿಲಲ್ಲಿ ನಿಂತು ಕಣ್ಣಲ್ಲೇ ಎಣಿಸುತ್ತಿದ್ದಳು. ಹಿರಿಯ ಮೈಲಾರಲಿಂಗಪ್ಪ ಅರ್ಧ ತಾಸು ಮಾತಾಡಿದರು. ಸಂಸಾರ ಅಂದ್ರ ಎರಡು ಗಾಲಿ ಬಂಡಿ, ಹೆಣ್ಣು ತಗ್ಗಿದ್ರ ಮನಿ ಎದ್ದೀತು, ಹೊಂದಿಕೊಂಡು ಹೋಗಬೇಕು. ಅವರ ಮನೆಯ ಎರಡನೆಯ ಗಾಲಿ ಹತ್ತು ವರ್ಷದಿಂದ ಸಿರುಗುಪ್ಪದಲ್ಲಿ ಮಗನ ಹತ್ತಿರ ಇದೆ, ಇವರು ಖಾನಾವಳಿಯಲ್ಲಿ ಉಣ್ಣುತ್ತಾರೆ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಆ ಬಂಡಿಯ ಭಾಷಣವನ್ನು ಮೈಕಿನಲ್ಲಿ ನಾನೇ ಎಷ್ಟು ಮದುವೆಗಳಲ್ಲಿ ಬಿಗಿದಿಲ್ಲ!

ಆಮೇಲೆ ಹುಡುಗಿಯನ್ನು ಕೇಳಿದರು.

"ಹೊಡದಾನೇನವ್ವ?"

"ಇಲ್ರಿ."

"ಕುಡಿತಾನೇನು?"

"ಇಲ್ರಿ."

ಎಲ್ಲರೂ ಉಸಿರು ಬಿಟ್ಟರು. ಹಿರಿಯರ ವಹಿಯಲ್ಲಿ ಎರಡೇ ಕಾಲಮ್ಮು: ಹೊಡೆತ, ಕುಡಿತ. ಎರಡರಲ್ಲೂ ಸೊನ್ನೆ ಬಂದರೆ ಮನೆ ಪಾಸು. "ಮತ್ತೇನು ತ್ರಾಸು ನಿನಗ?"

"ನಾ ತಿನ್ನೋ ರೊಟ್ಟಿ ಎಣಿಸ್ತಾರ್ರಿ," ಎಂದಳು. ಯಾರೋ ಕಿಸಕ್ಕನೆ ನಕ್ಕರು. ಅವಳು ನಿಲ್ಲಿಸಲಿಲ್ಲ. "ಅಂಗಡಿಗೆ ಕಳಿಸಿದ್ರ ಹತ್ತು ನಿಮಿಷ. ಹನ್ನೊಂದಾದ್ರ ನಾಲ್ಕು ದಿನ ಮನ್ಯಾಗ ಒಬ್ರೂ ನನ್ನ ಕೂಡ ಮಾತಾಡಂಗಿಲ್ಲ. ಅವ್ವನ ಫೋನ್ ಬಂದ್ರ ಇವ್ರ ಮುಂದ ನಿಂತು ಮಾತಾಡಬೇಕು."

ದುರುಗೇಶ ಮೊಬೈಲಿನಿಂದ ಮುಖ ಎತ್ತಿದ. "ಮನಿ ಅಂದಮ್ಯಾಲೆ ಶಿಸ್ತು ಬ್ಯಾಡೇನ್ರಿ?" ನೋಡಲು ಒಳ್ಳೆಯ ಹುಡುಗ ಉಮಾ, ಅದೇ ನನಗೆ ಇನ್ನಷ್ಟು ಉರಿದದ್ದು. ಕೊರಳಪಟ್ಟಿ ಹಿಡಿಯೋಣವೆಂದರೆ ಹಿಡಿಯುವ ಜಾಗವೇ ಇಲ್ಲ.

ಆಗ ಮೌನೇಶ್ವರಿ ನನ್ನ ಕಡೆ ತಿರುಗಿದಳು.

"ಕಾಕಾ, ನಿಮ್ಮ ಸೌಟು ಹೆಂಗ ವಾಪಸ್ ಬಂತು ಗೊತ್ತೇನ್ರಿ?"

"ಯಾವ ಸೌಟವ್ವ?"

"ದೀಪಾವಳಿ ಆದಮ್ಯಾಲ ನಮ್ಮ ನಾದಿನಿ ಕೂಸಿನ ತೊಟ್ಟಿಲ ಕಾರ್ಯಕ್ಕ ನಿಮ್ಮ ಬಾಂಡೆ ತಂದಿದ್ರು. ಎಣಿಸಿದಾಗ ಒಂದು ಸೌಟು ಕಮ್ಮಿ ಬಿತ್ತು. ಎಂಜಲ ಎಲಿ ಒಗದ ಗುಂಡಿಗೆ ನನ್ನ ಇಳಿಸಿದ್ರು. ಸಿಗೂತನಕ ಮ್ಯಾಲ ಬರಬ್ಯಾಡ ಅಂದ್ರು. ಮೊಣಕಾಲಮಟ ಎಂಜಲ ಕಾಕಾ. ಮ್ಯಾಲ ನಿಂತು ಮಂದಿ ನೋಡತಿದ್ರು. ಹೊತ್ತು ಇಳಿಯೂ ಮುಂದ ಸಿಕ್ತು. ಗೌಸ್‌ಸಾಬ್ ಕಾಕಾ ಬಾಗಿಲಾಗ ಟೆಂಪೊ ನಿಲ್ಲಿಸಿದ್ರು. ಕೈ ತೊಳಕೊಳ್ಳೂಕಿಂತ ಮೊದ್ಲ ಸೌಟು ತೊಳದು ಕೊಟ್ಟೆ."

ಅಂಬಪ್ಪನ ಹೆಂಡತಿಗೆ ಅದು ನಾಚಿಕೆಯ ಮಾತು ಅಂತ ಅನ್ನಿಸಲೇ ಇಲ್ಲ. "ಮಂದೀ ಸಾಮಾನು ಕಳದ್ರ ಮನೀ ಮರ್ಯಾದಿ ಏನಾಗಬೇಕು? ಕನಕರಾಯರೇ ಹೇಳ್ಲಿ," ಎಂದು ಶಾಭಾಸ್‌ಗಿರಿಗೆ ನನ್ನ ಮುಖ ನೋಡಿದಳು.

ಆ ದಿನದ ರಿಜಿಸ್ಟರಿನಲ್ಲಿ ನನ್ನ ಕೈಬರಹವಿದೆ, ಮನೆಗೆ ಬಂದು ತೆಗೆದು ನೋಡಿದೆ: "ಅಂಬಪ್ಪ, ಮಸ್ಕಿ. ಪೂರಾ ಬಂತು. ಮನೆ ಅಂದರೆ ಹೀಗಿರಬೇಕು." ಎಣಿಕೆ ಸರಿ ಇತ್ತು. ಸರಿ ಇದ್ದದ್ದು ಭಯದಿಂದಲೋ ನಿಯತ್ತಿನಿಂದಲೋ ಎಂದು ಬರೆಯುವ ಕಾಲಮ್ಮು ನನ್ನ ವಹಿಯಲ್ಲೂ ಇರಲಿಲ್ಲ.

ಮೈಲಾರಲಿಂಗಪ್ಪ ಗಂಟಲು ಸರಿ ಮಾಡಿಕೊಂಡರು. "ಇರ್ಲಿ, ಸಣ್ಣ ಮಾತು. ಹೇಳ್ರಿ ಕನಕರಾಯರೇ, ಮನಿ ಹೆಂಗ?"

"ನನಗ ಗೊತ್ತಿಲ್ರಿ," ಎಂದೆ.

ಅಂಬಪ್ಪ ಎದ್ದು ನಿಂತ. "ಅವತ್ತು ಗೊತ್ತಿತ್ತು, ಇವತ್ತು ಗೊತ್ತಿಲ್ಲೇನು?"

"ಅವತ್ತೂ ಗೊತ್ತಿದ್ದಿಲ್ಲಪ. ಗೊತ್ತೈತಿ ಅಂತ ಅಂದಿದ್ದೆ."

"ಆರುನೂರು ಮದುವಿ ನೋಡಿದ ಮನಷ್ಯಾ ನೀವು," ಎಂದರು ಮೈಲಾರಲಿಂಗಪ್ಪ, "ಮದುವಿ ಅಂದ್ರ ನಿಮಗ ಗೊತ್ತಿಲ್ಲಂದ್ರ ಇನ್ಯಾರಿಗೆ ಗೊತ್ತಿರಬೇಕು?"

"ಆರುನೂರು ಮದುವಿಗೆ ಹಂಡೆ ಕೊಟ್ಟೀನ್ರಿ. ಮರುದಿನ ಹಂಡೆ ವಾಪಸ್ ಬರ್ತಾವ. ಮದುವಿ ಶುರು ಆಗೂದು ಆಮ್ಯಾಲ. ಅದನ್ನ ನಾ ಒಂದೂ ನೋಡಿಲ್ಲ. ನೀವೂ ನೋಡಿಲ್ಲ. ನೋಡಿದಾಕಿ ಇಲ್ಲಿ ಕುಂತಾಳ, ಆಕೀನ್ನ ಬಿಟ್ಟು ನನ್ನ ಕೇಳಾಕತ್ತೀರಿ."

ಗದ್ದಲವಾಯಿತು. ಬಾಯಿಗೆ ಬಂದಂತೆ ಅಂದರು, ನಾನೂ ಅಂದೆ. ಜವಾಬ್ದಾರಿ ಹೊತ್ತವನೇ ಕೈ ಕೊಡವಿದ ಮೇಲೆ ಯಾರ ಮಾತಿನ ಮೇಲೆ ಕಳಿಸುವುದೆಂದು ಹಿರಿಯರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಹುಡುಗಿ ಎದ್ದಳು. ಅಪ್ಪನ ಕಾಲ ಬಳಿಯಿದ್ದ ಚೀಲ ಎತ್ತಿಕೊಂಡಳು. "ನಡೀಪಾ, ಹನ್ನೊಂದರ ಬಸ್ಸೈತಿ," ಎಂದಳು. ಲಕ್ಷ್ಮಣ ನನ್ನನ್ನು ಒಮ್ಮೆ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಮಗಳ ಹಿಂದೆ ಹೋದ. ಈಗ ಇಬ್ಬರೂ ಲಿಂಗಸುಗೂರಿನಲ್ಲೇ ಇದ್ದಾರೆ. ಅವಳನ್ನು ಇನ್ನು ಕಳಿಸುವುದಿಲ್ಲ ಎಂದು ನಿನ್ನೆ ಹೇಳಿಕಳಿಸಿದ್ದಾನೆ. ನನ್ನ ಫೋನು ಮಾತ್ರ ಅವನೂ ಎತ್ತುತ್ತಿಲ್ಲ. ಅವನ ಮನೆಯಲ್ಲೂ ನೀರಿಗೆ ಬರ ಇಲ್ಲವೆಂದು ಕಾಣುತ್ತದೆ.

ನಿನ್ನ ಮೇಲೂ ಸಿಟ್ಟಿದೆ ಉಮಾ, ಮುಚ್ಚಿಡುವುದಿಲ್ಲ. ನಾನು ಕಣ್ಣು ಮುಚ್ಚಿ ಕೊಡು ಅಂದಾಗ ನೀನು ಚಹಾ ತಂದು ನಿಂತಿದ್ದಿ. "ಹುಡುಗನ ಕೂಡ ಆಕೀನ್ನ ಒಂದೀಟು ಮಾತಾಡಾಕ ಬಿಡ್ರಿ" ಎಂದಿ. "ಸುಮ್ನಿರು, ನಿನಗೇನು ಗೊತ್ತಾಕತಿ" ಎಂದೆ. ಸುಮ್ಮನಾಗಿಬಿಟ್ಟಿ! ಹೋಗುವಾಗ ತೋರಿಸಿದ ಹಟವನ್ನು ಅವತ್ತು ಯಾಕೆ ತೋರಿಸಲಿಲ್ಲ? ಇನ್ನು ಮುಂದೆ ನಾನು ಹಾಗೆ ಅಂದರೆ ಚಹಾದ ಕಪ್ಪು ನನ್ನ ಮೇಲೇ ಒಗೆ. ಬಿಸಿ ಇರಲಿ.

ನಿನ್ನೆ ಗೊರೇಬಾಳದಿಂದ ಇಬ್ಬರು ಬಂದಿದ್ದರು, ಒಬ್ಬ ಹುಡುಗನ ಬಗ್ಗೆ ಕೇಳಲು. "ಅವರಪ್ಪ ನನ್ನ ಕಡೆ ಪೆಂಡಾಲು ಹಾಕಿಸ್ಯಾನ. ಅಷ್ಟ ಗೊತ್ತು. ಹುಡುಗಿಗೆ ಹುಡುಗನ ಕೂಡ ಮಾತಾಡಾಕ ಬಿಡ್ರಿ" ಎಂದೆ. "ದೊಡ್ಡೋರಾಗ್ಯಾರ, ಈಗೆಲ್ಲ ನಮಗ ಹೇಳಂಗಿಲ್ಲ" ಎಂದು ಚಹಾ ಕುಡಿಯದೆ ಎದ್ದು ಹೋದರು. ಗೌಸ್‌ಸಾಬ್ ಆ ಎರಡೂ ಚಹಾ ಕುಡಿದ. ಅನ್ನಬೇಕಾದದ್ದನ್ನು ಕುಡಿಯುವ ರೀತಿಯಲ್ಲೇ ಅಂದುಬಿಟ್ಟ.

ನಿನ್ನ ಅವ್ವನಿಗೆ ನನ್ನ ನಮಸ್ಕಾರ. ಮಕ್ಕಳಿಗೆ ಆಶೀರ್ವಾದ. ನಿನ್ನ ತಮ್ಮನಿಗೂ ಆಶೀರ್ವಾದ, ಸುಳ್ಳು ಹೇಳುವುದನ್ನು ಅವನು ಇನ್ನೂ ಸರಿಯಾಗಿ ಕಲಿಯಬೇಕು. ನಿನಗೆ ದೇವರು ಆಯುಷ್ಯ, ಆರೋಗ್ಯ ಕೊಡಲಿ.

ಇಂತಿ,
ಕನಕರಾಯ

ತಾ.ಕ.: ಬ್ಯಾಗು ತುಂಬುವ ಮೊದಲು ಇದನ್ನೂ ಓದು. ಆಮೇಲೆ ಬರುವುದು ಬಿಡುವುದು ನಿನಗೆ ಸೇರಿದ್ದು.

ಹೋದ ದಸರೆಯಲ್ಲಿ ನೀನು ಗೊರೇಬಾಳಕ್ಕೆ ಸೀಮಂತಕ್ಕೆ ಹೋಗಿದ್ದ ದಿನ ಮೌನೇಶ್ವರಿ ಅಂಗಡಿಗೆಂದು ಮನೆ ಬಿಟ್ಟು, ಮಸ್ಕಿಯಿಂದ ಬಸ್ಸು ಹತ್ತಿ ಗೋದಾಮಿಗೆ ಬಂದಿದ್ದಳು. ನಿನಗೆ ಹೇಳಿಲ್ಲ. "ಕಾಕಿ ಇಲ್ಲೇನ್ರಿ?" ಎಂದಳು. ಇಲ್ಲವೆಂದಾಗ ಹಂಡೆಗಳ ಪಕ್ಕ ಕೂತಳು. ಆಮೇಲೆ, "ನನ್ನ ಅಪ್ಪನ ಮನೀಗೆ ಕರಕೊಂಡು ಹೋಗ್ರಿ ಕಾಕಾ, ನೀವು ಜೋಡಿ ಇದ್ರ ಅಪ್ಪ ಬೈಯಂಗಿಲ್ಲ" ಎಂದಳು. ನಾನು ಬುದ್ಧಿ ಹೇಳಿದೆ, ಒಂದು ಡಜನ್ ಬಾಳೆಹಣ್ಣು ಕೊಡಿಸಿದೆ, ಬಸ್‌ಸ್ಟ್ಯಾಂಡಿಗೆ ಕರೆದೊಯ್ದೆ. ಅವಳು ಗುಂಡಿಗೆ ಇಳಿದದ್ದು ಅದಾದ ಇಪ್ಪತ್ಮೂರು ದಿನಕ್ಕೆ, ರಿಜಿಸ್ಟರ್ ನೋಡಿ ಲೆಕ್ಕ ಹಾಕಿದ್ದೇನೆ. ಭಾನುವಾರ ಅಷ್ಟು ಮಂದಿಯ ಮುಂದೆ ಎಲ್ಲ ಹೇಳಿದವಳು ಇದೊಂದನ್ನು ಹೇಳಲಿಲ್ಲ.

ಅದು ಲಿಂಗಸುಗೂರಿನ ಬಸ್ಸು, ಮಸ್ಕಿಯ ಮೇಲೆಯೇ ಹೋಗುವಂಥದು. ಹೆಣ್ಣುಮಕ್ಕಳಿಗೆ ಈಗ ಟಿಕೀಟಿಗೆ ದುಡ್ಡಿಲ್ಲ, ಯಾವ ಊರೆಂದು ಬಾಯಿಬಿಟ್ಟು ಹೇಳಿದರೆ ಸಾಕು. ಕಂಡಕ್ಟರ್ "ಎಲ್ಲಿಗವ್ವಾ?" ಎಂದು ಅವಳನ್ನೇ ಕೇಳಿದ. ಅವಳು "ಲಿಂಗ..." ಎನ್ನುವಷ್ಟರಲ್ಲಿ ನಾನು ಕಿಟಕಿಯ ಕೆಳಗಿನಿಂದ "ಮಸ್ಕಿ, ಮಸ್ಕಿಗೆ ಕೊಡ್ರಿ" ಎಂದು ಕೂಗಿದೆ. ಅವನು ಮಸ್ಕಿಗೆ ಹರಿದುಕೊಟ್ಟ.