ಒಣಗಿದ ಬ್ರಶ್ಶು

ಶಿಕಾಗೋ, ಅಕ್ಟೋಬರ್ ೧೪

ಪ್ರಿನ್ಸಿಪಾಲ್ ವಿಟ್‌ಫೀಲ್ಡ್ ಅವರಿಗೆ ವಂದನೆಗಳು.

ನಾನು ನಿಮ್ಮ ಒಂಬತ್ತನೇ ತರಗತಿಯ ಡೆಲ್ಫೀನಳ ಅಜ್ಜಿ. ನಗರದೊಳಗೆ ವಾಸವಿರುವ ಮಕ್ಕಳಿಗಷ್ಟೇ ನಿಮ್ಮಲ್ಲಿ ಸೀಟು ಎಂಬುದು ನನಗೆ ಗೊತ್ತಿತ್ತು. ಪ್ರವೇಶ ಪರೀಕ್ಷೆಯನ್ನು ಅವಳೇ ಬರೆದು ಗೆದ್ದಳು; ವಿಳಾಸ ಮಾತ್ರ ನನ್ನದು ಕೊಟ್ಟೆವು. ಅವಳಿದ್ದದ್ದು ನಗರದ ಗಡಿಯಾಚೆ, ಹಾರ್ವಿಯಲ್ಲಿ, ತನ್ನ ತಾಯಿ, ಅಂದರೆ ನನ್ನ ಮಗಳ ಜೊತೆ.

ಕಳೆದ ತಿಂಗಳು ನಿಮ್ಮ ಶಾಲೆಯಿಂದ ತಪಾಸಣೆಗೆ ಬಂದವರಿಗೆ ನಾನು ಅವಳದೆಂದು ಮೊದಲೇ ಜೋಡಿಸಿಟ್ಟಿದ್ದ ಕೋಣೆ ತೋರಿಸಿದೆ. ಅವರು ಬಚ್ಚಲಿಗೂ ಹೋಗಿ ಹಲ್ಲಿನ ಬ್ರಶ್ಶು ಮುಟ್ಟಿ ನೋಡಿದರು.

"ಅಮ್ಮಾ, ಇದು ನೀರೇ ಕಂಡಂಗಿಲ್ವಲ್ಲ?"

"ಈ ಕಾಲದ ಹುಡುಗೀರು, ಹಲ್ಲುಜ್ಜೋಕೂ ಸೋಮಾರಿಗಳು" ಎಂದೆ. ಅವರು ನಗದೆ ಬರೆದುಕೊಂಡರು.

ಚರ್ಚಿನಲ್ಲಿ ಮಕ್ಕಳಿಗೆ ಮೂವತ್ತು ವರ್ಷ ಸತ್ಯ ಹೇಳಿಕೊಟ್ಟವಳು ನಾನು. ಫೋನಿನಲ್ಲಿ ಇದನ್ನು ಕೇಳಿದ ಡೆಲ್ಫೀನ್, "ನನಗೋಸ್ಕರ ನೀನು ಸುಳ್ಳು ಹೇಳ್ಬೇಡ ಅಜ್ಜಿ" ಎಂದಳು. ಆ ಭಾನುವಾರವೇ ಬಟ್ಟೆಬರೆಯೊಂದಿಗೆ ಬಂದುಬಿಟ್ಟಳು. ಬಿಡಲು ಬಂದ ನನ್ನ ಮಗಳು ಕಾರಿನಿಂದ ಇಳಿಯಲೇ ಇಲ್ಲ. "ಶನಿವಾರನಾದ್ರೂ ಕಳ್ಸಮ್ಮ" ಎಂದಳು, ಅಷ್ಟೆ.

ಮತ್ತೆ ತಪಾಸಣೆ ಇದೆಯೆಂದು ನಿಮ್ಮ ಕಾಗದ ಬಂದಿದೆ. ಅಂದಿನ ತಪ್ಪು ನನ್ನದು, ಅವಳ ಸೀಟಿಗೆ ಕೈಹಾಕಬೇಡಿ. ಬೆಳಿಗ್ಗೆ ಆರಕ್ಕೆ ಅವಳು ಬಸ್ಸು ಹಿಡಿಯುತ್ತಾಳೆ. ಅದಾದ ಕೂಡಲೇ ಯಾರನ್ನಾದರೂ ಕಳುಹಿಸಿ, ಬ್ರಶ್ಶು ಮುಟ್ಟಿ ನೋಡಲಿ. ಶನಿವಾರ ಮಾತ್ರ ಬೇಡ.

ಹಾರ್ವಿಯಲ್ಲಿ ಅವಳ ಹಳೆಯ ಬ್ರಶ್ಶನ್ನು ನನ್ನ ಮಗಳು ಇನ್ನೂ ತೆಗೆದಿಲ್ಲ. ಈಗ ವಾರವಿಡೀ ಒಣಗಿರುವುದು ಅದು.

ಉತ್ತರಕ್ಕೆ ಕಾದಿರುವ,
ಅರ್ನೆಸ್ಟೀನ್ ಟಾಲಿವರ್