ಆಯುಧಪೂಜೆಯ ದಿನ ನೆನೆದ ವಿಮಾನ

ವಿಮಾನಪುರ
23-10-1997, ಗುರುವಾರ

ಮನೆಯ ಯಜಮಾನರಿಗೆ, ಪಟಾಲಮ್ಮ ಮಾಡುವ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಕ್ಷೇಮವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನಿಮ್ಮ ತಮ್ಮ ಮುನೀಂದ್ರ ಎತ್ತಿ, ಅಣ್ಣ ಸ್ನಾನಕ್ಕೆ ಹೋಗಿದ್ದಾನೆ ಅನ್ನುತ್ತಾನೆ. ಹದಿಮೂರು ದಿನದಿಂದ ನೀವು ಸ್ನಾನವನ್ನೇ ಮಾಡುತ್ತಿದ್ದೀರಿ. ಅವನಿಗೆ ಇನ್ನೊಂದಾದರೂ ಸುಳ್ಳು ಹೇಳಿಕೊಡಬಾರದೇ?

ಅರವತ್ತು ವರ್ಷದ ಮನುಷ್ಯ ಸೊಸೆಯ ಮೇಲೆ ಮುನಿಸಿಕೊಂಡು, ಸೊಟ್ಟಗಾದ ಆಟದ ವಿಮಾನವನ್ನು ಆಟೋಗೆ ಹಾಕಿಕೊಂಡು, ರೆಕ್ಕೆ ಹೊರಗೆ ಚಾಚಿಕೊಂಡು, ಟಿನ್ ಫ್ಯಾಕ್ಟರಿ ಬಸ್ ಸ್ಟಾಪ್ ದಾಟಿ ತಮ್ಮನ ಮನೆ ಸೇರುವುದೆಂದರೇನು? ಪಕ್ಕದ ಮನೆಯ ಜಟ್ಟೆಪ್ಪನವರು ಎಲ್ಲಿಗೆ ಹೋದರೆಂದು ಕೇಳಿದರು. ರಿಪೇರಿಗೆ ಎಂದೆ. ಯಾರ ರಿಪೇರಿಗೆ ಎಂದು ಅವರು ಕೇಳಲಿಲ್ಲ, ಪುಣ್ಯ. ಆಟದ್ದು ಅಂದರೆ ನಿಮಗೆ ಸಿಟ್ಟು ಬರುತ್ತದೆ, ಗೊತ್ತು. ಬರಲಿ.

ಇಷ್ಟಕ್ಕೂ ಅದು ಯಾವ ಘನಂದಾರಿ ವಿಮಾನ? ಎರಡು ಮಹಾಯುದ್ಧಗಳ ನಡುವೆ ಎಲ್ಲೋ ಪರದೇಶದಲ್ಲಿ ಪ್ರಯೋಗಕ್ಕೆಂದು ಒಂದೇ ಒಂದು ಕಟ್ಟಿ, ನಾಲ್ಕು ಸಲ ಹಾರಿಸಿ, ಮೂಲೆಗೆ ತಳ್ಳಿದ ಫೈಟರ್. ಆಗಿನ ಫೈಟರುಗಳಿಗೆಲ್ಲ ಮೇಲೊಂದು ಕೆಳಗೊಂದು ಎರಡು ಅಂತಸ್ತು ರೆಕ್ಕೆ, ಇದಕ್ಕೆ ಮಾತ್ರ ಒಂದೇ ಅಂತಸ್ತು. ಊಟಕ್ಕೆ ಕೂತಾಗಲೆಲ್ಲ ನೀವು ಹೇಳಿ ಹೇಳಿ ನನಗೂ ಬಾಯಿಪಾಠವಾಗಿದೆ. ಕಟ್ಟಿದವರೇ ಬೇಡವೆಂದದ್ದು ನಿಮಗೇಕೆ ಬೇಕಾಯಿತೋ! ಮೂವತ್ತೆರಡು ವರ್ಷ ವಿಮಾನದ ಫ್ಯಾಕ್ಟರಿಯಲ್ಲಿ ಮರದ ಅಚ್ಚು ಕಡೆದಿರಿ. ರಿಟೈರ್ ಆದ ಮೇಲೆ ಧರ್ಮಸ್ಥಳ, ಶೃಂಗೇರಿ ತೋರಿಸುತ್ತೇನೆ ಅಂದಿದ್ದಿರಿ. ಅದರ ಬದಲು ಮರ ಕಡೆದು, ಬಟ್ಟೆ ಹೊದಿಸಿ ಆ ವಿಮಾನದ ಮಾದರಿ ಕಟ್ಟಲು ಕೂತಿರಿ. ಎರಡು ವರ್ಷ ಅದು ನಡುಮನೆಯ ಟೇಬಲ್ಲಿನ ಮೇಲೆ ಕೂತಿತು, ನಾವು ನೆಲದ ಮೇಲೆ ಕೂತು ಉಂಡೆವು.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಚಕ್ರವಿರುವುದೆಲ್ಲ ಮೈ ತೊಳೆದುಕೊಳ್ಳಬೇಕು. ನಿಮ್ಮ ಸೈಕಲ್, ಮಗ ಆನಂದನ ಬೈಕು, ಕೊನೆಗೆ ಗ್ಯಾಸ್ ಸಿಲಿಂಡರ್ ತಳ್ಳುವ ಗಾಡಿಗೂ ಅವತ್ತು ಹೂವು. ನಿಮ್ಮ ವಿಮಾನಕ್ಕೂ ಎರಡು ಚಕ್ರ ಉಂಟಲ್ಲ. ಫ್ಯಾಕ್ಟರಿಯಲ್ಲಿ ವರ್ಷ ವರ್ಷ ವಿಮಾನಕ್ಕೆ ಅರಿಶಿನ ಕುಂಕುಮ ಇಟ್ಟವರು ನೀವೇ. ಅದು ಹಿತ್ತಿಲಿಗೆ ಬಂದದ್ದರಲ್ಲಿ ತಪ್ಪೇನಿದೆ? ನೀವು ಬೂದುಗುಂಬಳಕಾಯಿ ತರಲು ಹೋಗಿದ್ದಿರಿ. ಬರುವಷ್ಟರಲ್ಲಿ ವಾರ್ನಿಶ್ ಕಾಣದ ರೆಕ್ಕೆ ನೆನೆದು ಸೊಟ್ಟಗಾಗಿತ್ತು. ಸೊಸೆ ದಿವ್ಯಳ ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಇದಿಷ್ಟೂ ನಿಜ. ಆದರೆ ಮದುವೆಯಾಗಿ ಏಳು ತಿಂಗಳಾದ ಹುಡುಗಿಗೆ, ಅಕ್ಕಪಕ್ಕದವರೆಲ್ಲ ಕೇಳುವಂತೆ, "ಈ ಮನೇಲಿ ಇನ್ಮೇಲೆ ನೀನು ಯಾವ್ದನ್ನೂ ಮುಟ್ಬೇಡ" ಅನ್ನುವುದೇ?

ಅವಳು ನಿಮ್ಮ ಮಾತನ್ನು ಅಕ್ಷರಶಃ ಪಾಲಿಸುತ್ತಿದ್ದಾಳೆ. ಒಲೆ ಮುಟ್ಟುವುದಿಲ್ಲ, ಟೀವಿ ಮುಟ್ಟುವುದಿಲ್ಲ. ತನ್ನ ತಟ್ಟೆಯೊಂದನ್ನು ತೊಳೆದಿಟ್ಟು ಕೋಣೆ ಸೇರುತ್ತಾಳೆ. ನಿನ್ನೆ ಪಕ್ಕದಲ್ಲಿ ಕೂತು ಏನಮ್ಮಾ ಅಂದೆ. "ಭಾನುವಾರ ಕಮ್ಮನಹಳ್ಳಿಗೆ ಅಮ್ಮನ ಮನೆಗೆ ಹೋಗ್ತೀನಿ ಅತ್ತೆ. ಮತ್ತೆ ಕರೀಬೇಡಿ" ಅಂದಳು. ಆನಂದ ಅಲ್ಲೇ ಬಾಡಿಗೆ ಮನೆ ನೋಡಿಟ್ಟಿದ್ದಾನೆ. ಇರುವವನು ಒಬ್ಬ ಮಗ. ಇದೆಲ್ಲ ನಿಮಗೆ ಹೇಗೆ ಗೊತ್ತಾಗಬೇಕು, ನೀವು ಸ್ನಾನದಲ್ಲಿದ್ದಿರಿ.

ಶನಿವಾರ ಸಂಜೆಯೊಳಗೆ ಬನ್ನಿ. ತಪ್ಪಾಯಿತು ಅನ್ನುವ ಮಾತು ನಿಮ್ಮ ಬಾಯಿಂದ ಬರುವುದಿಲ್ಲವೆಂದು ಗೊತ್ತು. ಅವಳ ಕೈಯಿಂದ ಒಂದು ಲೋಟ ಕಾಫಿ ಕೇಳಿ ಕುಡಿಯಿರಿ, ಸಾಕು. ಆ ವಿಮಾನವನ್ನೂ ತನ್ನಿ. ಅದು ಅಲ್ಲಿ ದಿವಾನ್ ಮಂಚದ ಮೇಲಿರುವುದರಿಂದ ಮುನೀಂದ್ರನ ಹೆಂಡತಿಗೆ ಕೂರಲು ಜಾಗವಿಲ್ಲವಂತೆ, ಅವಳ ಶಾಪವೊಂದು ನನಗೆ ಬೇಡ.

ಇಂತಿ,
ನಿಮ್ಮ ಮೇಲೆ ಇನ್ನೂ ಕೋಪ ಇಳಿಯದ
ಪಟಾಲಮ್ಮ

ಮತ್ತೊಂದು ಮಾತು: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ವಿಮಾನವನ್ನು ಹಿತ್ತಿಲಿಗೆ ತಂದವಳು ನಾನು. ಬೇಡ ಅತ್ತೆ, ಮಾವ ಬೈತಾರೆ ಎಂದು ದಿವ್ಯ ಎರಡು ಸಲ ಹೇಳಿದಳು. ಒಂದು ಚೊಂಬು ನೀರು ಪೂಜೆಗೆಂದೇ ಹಾಕಿದೆ, ದೇವರಾಣೆ. ರೆಕ್ಕೆಯ ಬಟ್ಟೆ ನೆನೆದು, ಬಣ್ಣದ ಕೆಳಗಿಂದ ಕೆಂಪು ಅಂಚು ಎದ್ದು ಕಂಡಿತು. ನನ್ನ ಧಾರೆ ಸೀರೆ. ಪೆಟ್ಟಿಗೆಯಿಂದ ತೆಗೆದು, ನನ್ನನ್ನು ಒಂದು ಮಾತು ಕೇಳದೆ ರೆಕ್ಕೆಗೆ ಹೊದಿಸಲು ಕತ್ತರಿಸಿದ್ದಿರಿ, ಅವತ್ತು ಕೋಪ ನುಂಗಿಕೊಂಡಿದ್ದೆ. ಎರಡನೆಯ ಚೊಂಬು ಕೋಪಕ್ಕೆ ಹಾಕಿದೆ. ಮೂರನೆಯದನ್ನೂ ಹಾಕಿದೆ. ದಿವ್ಯ ಓಡಿಬಂದು ಒರೆಸುತ್ತಿದ್ದಾಗ ನೀವು ಬಂದಿರಿ. ನಾನು ಚೊಂಬು ಹಿಡಿದುಕೊಂಡು ಬಾಗಿಲ ಹಿಂದೆ ನಿಂತು, ನೀವು ಬೈದದ್ದನ್ನೆಲ್ಲ ಕೇಳಿಸಿಕೊಂಡೆ. ಆ ಹುಡುಗಿ ಇವತ್ತಿನವರೆಗೂ ಗಂಡನ ಹತ್ತಿರ ಕೂಡ ಬಾಯಿ ಬಿಟ್ಟಿಲ್ಲ. ಬನ್ನಿ, ಬಂದು ಅವಳೆದುರೇ ನನ್ನನ್ನು ಬೈಯಿರಿ. ತಪ್ಪಾಯಿತೆಂದು ಅವಳಿಗೆ ನಾನಾಗಿ ಹೇಳಲು ನನಗೆ ಧೈರ್ಯ ಸಾಲದು.